ಒಂದೇ ಜಿಲ್ಲೆ, ಎರಡು ಈದ್

ನಮ್ಮ ಕನ್ನಡ ಸಂಘದ ಯಾವುದೇ ಕಾರ್ಯಕ್ರಮದಲ್ಲಿ ‘ಭಾವೈಕ್ಯ’ ಅನ್ನೋ ಪದ ಬಂತು ಅಂದ್ರೆ ಶಿಶುನಾಳ ಶರೀಫರ ಹೆಸರು ಬಂದೇ ಬರುತ್ತೆ. ಬರಲೇಬೇಕು. ಶಿಶುನಾಳ ನಮ್ಮ ಮುಂಡಗೋಡಕ್ಕೆ ದೂರದ ಊರೇನಲ್ಲ. ಗೋವಿಂದ ಭಟ್ಟರ ಶಿಷ್ಯರಾದ ಶರೀಫರು ನಮ್ಮ ಕಡೆಯವರು ಅಂತ ಹೇಳ್ಕೊಳ್ಳೋಕೆ ನಮಗೂ ಹೆಮ್ಮೆ. ಆದರೆ ಒಂದು ಮಾತು. ಭಾವೈಕ್ಯ ಅಂದ್ರೆ ಹಿಂದೂ-ಮುಸ್ಲಿಂ ನಡುವಿನ ವಿಷಯ ಅಂತ ಮಾತ್ರ ಎಲ್ಲರೂ ಅಂದುಕೊಂಡಿದ್ದಾರೆ. ಮುಸ್ಲಿಮರ ಒಳಗೇ ಒಬ್ಬರನ್ನೊಬ್ಬರು ಸಹಿಸಿಕೊಂಡು ಹೋಗೋದು ಕೂಡ ಒಂದು ವಿಷಯ, ಅದೂ ಕಷ್ಟದ್ದೇ, ಅಂತ ವೇದಿಕೆ ಮೇಲೆ ಯಾರೂ ಹೇಳಿದ್ದನ್ನ ನಾವು ಕೇಳಿಲ್ಲ. ಅದಕ್ಕೇ ಈ ಬರಹ.

ನಾವು ನಾಲ್ವರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಊರಿಗೊಬ್ಬರು. ಮೂವರು ಹುಡುಗರು, ಜೋಯಿಡಾದವಳು ಹುಡುಗಿ. ಹೆಸರು ಹಾಕೋದು ಬೇಡ ಅಂತ ನಾಲ್ವರೂ ಸೇರಿ ತೀರ್ಮಾನ ಮಾಡಿದ್ವಿ, ಯಾಕಂದ್ರೆ ಮನೆಯವರೂ ಇದನ್ನ ಓದಬಹುದು. ಟೈಪ್ ಮಾಡಿದ್ದು ಒಬ್ಬರು, ಜಗಳ ಆಡಿದ್ದು ಎಲ್ಲರೂ. ಇಂಗ್ಲಿಷ್ ಮೀಡಿಯಂ ಮಕ್ಕಳ ಕನ್ನಡ ಇದು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಕಳೆದ ರಂಜಾನ್‌ನಲ್ಲಿ ಹಾಸ್ಟೆಲ್‌ನಲ್ಲಿ ಆಗಿದ್ದನ್ನ ಹೇಳಿಬಿಡ್ತೀವಿ. ಆಗ ನಾವಿನ್ನೂ ಫಸ್ಟ್ ಇಯರ್. ದಾಂಡೇಲಿಯವನು, ಹಳಿಯಾಳದವನು ಒಂದೇ ರೂಮಿನವರು. ರಾತ್ರಿ ತರಾವೀಹ್ ನಮಾಜು ರೂಮಿನಲ್ಲೇ ನಡೀತಿತ್ತು. ಹಳಿಯಾಳದವನ ಮನೆಯಲ್ಲಿ 20 ರಕಾತ್ ಓದೋ ರೂಢಿ, ದಾಂಡೇಲಿಯವನದು 8. ಎಂಟು ಮುಗಿದ ಮೇಲೆ ಒಬ್ಬ ಚಾಪೆ ಮಡಚಿ ಪುಸ್ತಕ ತೆಗೀತಿದ್ದ, ಇನ್ನೊಬ್ಬ ಮುಂದುವರಿಸ್ತಿದ್ದ. ಒಂದು ವಾರ ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಒಂದು ರಾತ್ರಿ ದರ್ಗಾದ ವಿಷಯ ಬಂತು. ಹಳಿಯಾಳದವನ ಮನೆಯಲ್ಲಿ ಪ್ರತಿ ವರ್ಷ ಉರುಸಿಗೆ ಹೋಗ್ತಾರೆ, ಫಾತಿಹಾ ಮಾಡಿಸ್ತಾರೆ. ದಾಂಡೇಲಿಯವನು ಆ ದಿನಗಳಲ್ಲಿ ಫೋನಿನಲ್ಲಿ ಭಾಷಣ ಬಹಳ ಕೇಳ್ತಿದ್ದ. “ಅದೆಲ್ಲ ಶಿರ್ಕ್ ಕಣೋ, ದೇವರಿಗೆ ಜೊತೆ ಸೇರಿಸಿದ ಹಾಗೆ. ಅದಕ್ಕೆ ಕ್ಷಮೆ ಇಲ್ಲ” ಅಂದುಬಿಟ್ಟ. ಹಳಿಯಾಳದವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಹಂಗಾರ ನಮ್ಮ ದಾದಿ ಎಲ್ಲದಾಳ ಈಗ?”

ಅವನ ದಾದಿ ತೀರಿಕೊಂಡು ಆಗ ಐದು ತಿಂಗಳು. ಅವನನ್ನ ಎತ್ತಿಕೊಂಡು ಮೊದಲು ದರ್ಗಾಕ್ಕೆ ಹೋದವಳೇ ಆಕೆ. ದಾಂಡೇಲಿಯವನ ಹತ್ರ ಉತ್ತರ ಇರಲಿಲ್ಲ. ಅಲ್ಲಿಂದ ಇಬ್ಬರಿಗೂ ಮಾತು ಬಿಟ್ಟುಹೋಯ್ತು. ಒಂದೇ ರೂಮು, ಒಂದೇ ಲ್ಯಾಬ್ ಬ್ಯಾಚು, ಮಾತಿಲ್ಲ. ಆ ರೂಮಿಗೆ ಹೋಗೋದಂದ್ರೆ ನಮಗೆಲ್ಲ ಉಸಿರು ಕಟ್ಟಿದ ಹಾಗೆ ಆಗ್ತಿತ್ತು.

ಈ ಜಗಳದ ಬಗ್ಗೆ ಯೋಚಿಸ್ತಾ ನಮಗೆ ಅನ್ನಿಸಿದ್ದನ್ನ ಇಲ್ಲಿ ಒಂದೊಂದಾಗಿ ಬರೀತಿದ್ದೀವಿ.

ಮೊದಲನೇದು, ಭಿನ್ನಾಭಿಪ್ರಾಯ ಹೊಸದಲ್ಲ. ಯಾರೋ ನಿನ್ನೆ ಮೊನ್ನೆ ತಂದು ಹಾಕಿದ್ದೂ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಘಟ್ಟದ ಮೇಲಿನ ನಮ್ಮ ನಾಲ್ಕೂ ಊರುಗಳಲ್ಲಿ ಮುಸ್ಲಿಮರು ಹೆಚ್ಚಾಗಿ ಹನಫಿ ಪದ್ಧತಿಯವರು. ಕೆಳಗೆ ಭಟ್ಕಳದ ನವಾಯತರು ಶಾಫಿ ಪದ್ಧತಿಯವರು. ನಮಾಜಿನಲ್ಲಿ ಬಗ್ಗುವ ಮೊದಲು, ಎದ್ದ ಮೇಲೆ ಶಾಫಿಯವರು ಕೈ ಎತ್ತುತ್ತಾರೆ, ಹನಫಿಯವರು ಎತ್ತಲ್ಲ. ಫಾತಿಹಾ ಮುಗಿದ ಮೇಲೆ ಅವರು ‘ಆಮೀನ್’ ಗಟ್ಟಿಯಾಗಿ ಹೇಳ್ತಾರೆ, ನಾವು ಮೆಲ್ಲಗೆ. ಸಂಜೆಯ ಅಸರ್ ನಮಾಜಿನ ಹೊತ್ತು ಅವರ ಲೆಕ್ಕದಲ್ಲಿ ವಸ್ತುವಿನ ನೆರಳು ಅದರ ಎತ್ತರದಷ್ಟು ಬೆಳೆದಾಗ ಶುರು, ಹನಫಿ ಲೆಕ್ಕದಲ್ಲಿ ಎರಡು ಪಟ್ಟು ಬೆಳೆದಾಗ. (ಮಧ್ಯಾಹ್ನದ ನೆರಳನ್ನ ಕಳೆದು, ಸರ್ವೇ ಲ್ಯಾಬಿನವರು ಗಮನಿಸಿ.) ಅಷ್ಟೇ ಯಾಕೆ, ಏಡಿ! ಏಡಿ ತಿನ್ನಬಹುದೋ ಇಲ್ಲವೋ ಅಂತ ಶಾಫಿಯವರಲ್ಲೇ ಭಿನ್ನಾಭಿಪ್ರಾಯ ಇದೆ, ಹನಫಿಯವರಿಗೆ ಬೇಡ. ಮಳೆಗಾಲದಲ್ಲಿ ಜೋಯಿಡಾ ಕಡೆ ಏಡಿ ಸಾರಿನ ವಾಸನೆ ಬಂದಾಗ ಇದು ಸಣ್ಣ ತ್ಯಾಗ ಅಲ್ಲ ಅಂತ ನಮ್ಮ ಜೋಯಿಡಾದವಳು ಹೇಳ್ತಾಳೆ.

ಇಷ್ಟೆಲ್ಲ ವ್ಯತ್ಯಾಸ ಇದ್ದೂ ಈ ಎರಡೂ ಕಡೆಯವರು ಒಬ್ಬರನ್ನೊಬ್ಬರು ‘ಸರಿಯಾದ ಮುಸ್ಲಿಮರಲ್ಲ’ ಅಂತ ಹೇಳಲ್ಲ. ನಾಲ್ಕು ಪದ್ಧತಿಗಳೂ ಸರಿ ಅಂತ ಸುನ್ನಿಗಳಲ್ಲಿ ನೂರಾರು ವರ್ಷಗಳಿಂದ ಒಪ್ಪಿಕೊಂಡು ಬಂದಿದ್ದಾರೆ. ಅಂದ್ರೆ ಬೇರೆ ಬೇರೆ ಉತ್ತರಗಳ ಜೊತೆ ಬದುಕೋದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಗೊತ್ತಿರೋದನ್ನ ಮರೀತಾ ಇದ್ದೀವಿ.

ಎರಡನೇದು, ಒಂದೇ ಡೇಟಾದಿಂದ ಇಬ್ಬರು ಪ್ರಾಮಾಣಿಕರು ಎರಡು ಉತ್ತರ ತೆಗೀಬಹುದು. ಇದಕ್ಕೆ ಚಂದ್ರನಿಗಿಂತ ಒಳ್ಳೆ ಉದಾಹರಣೆ ಇಲ್ಲ. 2024ರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆ ಈದುಲ್ ಫಿತ್ರ್ ಏಪ್ರಿಲ್ 10ಕ್ಕೆ ಆಯ್ತು, ನಮ್ಮ ಕಡೆ ಏಪ್ರಿಲ್ 11ಕ್ಕೆ. ಕೇರಳದಲ್ಲಿ ಚಂದ್ರ ಕಂಡ ಸುದ್ದಿ ಸಿಕ್ಕರೆ ಕರಾವಳಿಯ ಖಾಜಿಗಳು ಅದನ್ನ ಒಪ್ಪೋದುಂಟು. ಘಟ್ಟದ ಮೇಲಿನವರು ಬೆಂಗಳೂರಿನ ಚಂದ್ರದರ್ಶನ ಸಮಿತಿ ಏನು ಹೇಳುತ್ತೆ ಅಂತ ಕಾಯ್ತಾರೆ.

ಆ ಲೆಕ್ಕ ನಾವೇ ಮಾಡಿ ನೋಡಿದ್ವಿ. ಅಮಾವಾಸ್ಯೆಯ ನಿಖರ ಕ್ಷಣ ಆದದ್ದು ಏಪ್ರಿಲ್ 8ರ ರಾತ್ರಿ, ನಮ್ಮ ಗಡಿಯಾರದಲ್ಲಿ ಸುಮಾರು 11.50ಕ್ಕೆ. ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಆಯ್ತಲ್ಲ, ಅದೇ ದಿನ. ಮರುದಿನ ಸಂಜೆ ನಮ್ಮಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹೊಸ ಚಂದ್ರನಿಗೆ ಸುಮಾರು 19 ಗಂಟೆ ವಯಸ್ಸು. ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರ ಇದ್ದರೆ ಚಂದ್ರನ ಗೆರೆ ಕಾಣೋದೇ ಇಲ್ಲ ಅಂತಾರೆ. ಅವತ್ತು ಅಂತರ 10 ಡಿಗ್ರಿಯ ಆಸುಪಾಸು ಇತ್ತು. ಬರಿಗಣ್ಣಿಗೆ ಕಂಡ ಅತಿ ಎಳೆಯ ಚಂದ್ರನ ದಾಖಲೆ ಹದಿನೈದೂವರೆ ಗಂಟೆಯದು. ಅಂದ್ರೆ 19 ಗಂಟೆಯ ಚಂದ್ರ ಕಾಣೋದು ಕಷ್ಟ, ಅಸಾಧ್ಯ ಅಲ್ಲ. ‘ಕಂಡೆ’ ಅಂದವನೂ ಸುಳ್ಳುಗಾರ ಅಲ್ಲ, ‘ಕಾಣಲಿಲ್ಲ’ ಅಂದವನೂ ಹಠಮಾರಿ ಅಲ್ಲ. ಇನ್ನೊಂದು ವಿಷಯ: ಭಟ್ಕಳಕ್ಕೂ ಹಳಿಯಾಳಕ್ಕೂ ರೇಖಾಂಶದ ವ್ಯತ್ಯಾಸ ಕಾಲು ಡಿಗ್ರಿಯಷ್ಟೂ ಇಲ್ಲ, ಸಮಯದಲ್ಲಿ ಒಂದು ನಿಮಿಷವೂ ಇಲ್ಲ. ಎರಡೂ ಊರಿನ ಆಕಾಶದಲ್ಲಿ ಇದ್ದದ್ದು ಒಂದೇ ಚಂದ್ರ. ಬೇರೆ ಆದದ್ದು ಯಾರ ಸಾಕ್ಷಿಯನ್ನ ನಂಬಬೇಕು ಅನ್ನೋದು.

ಆ ಸಲ ಮುಂಡಗೋಡದವನ ಮನೆಯಲ್ಲಿ ಒಂದು ಘಟನೆ ಆಯ್ತು. ನಾವಾಗ ಸಿಇಟಿಗೆ ಓದ್ತಾ ಇದ್ವಿ. ಅವನ ಅಣ್ಣ ಮಂಗಳೂರಿನಲ್ಲಿ ಕೆಲಸ ಮಾಡ್ತಾನೆ. 10ನೇ ತಾರೀಖು ಬೆಳಿಗ್ಗೆ ಅಲ್ಲೇ ಈದ್ ನಮಾಜ್ ಮುಗಿಸಿ, ಬಿರಿಯಾನಿ ತಿಂದು, ಹೊಸ ಬಟ್ಟೆಯಲ್ಲೇ ಬಸ್ ಹತ್ತಿದ. ಸಂಜೆ ಮನೆಗೆ ಬಂದರೆ ಎಲ್ಲರೂ ರೋಜಾದಲ್ಲಿದ್ದಾರೆ! ಇಫ್ತಾರಿಗೆ ಇನ್ನೂ ಹತ್ತು ನಿಮಿಷ. ಚಾಚಾ ಅವನ ಮುಖ ನೋಡಿ “ಒಂದು ದಿನದ ರೋಜಾ ಕಳ್ಳತನ ಮಾಡಿ ಬಂದ” ಅಂದರು. ಅಣ್ಣನಿಗೂ ಸಿಟ್ಟು ಬಂತು, “ಈದ್ ದಿನ ರೋಜಾ ಇರೋದು ಹರಾಮ್, ತಪ್ಪು ಮಾಡ್ತಿರೋದು ನೀವು” ಅಂದ. ಎರಡೂ ಮಾತು ಅವರವರ ಲೆಕ್ಕದಲ್ಲಿ ಸರಿಯೇ, ಅದೇ ತೊಂದರೆ. ಕೊನೆಗೆ ನಾನಿ ಒಳಗಿನಿಂದ ಬಂದು, “ಅವನು ಎಲ್ಲಿದ್ನೋ ಅಲ್ಲಿಯವರ ಜೊತೆ ಮಾಡ್ಯಾನ, ನಾವು ಇಲ್ಲಿಯವರ ಜೊತೆ ಮಾಡ್ತೀವಿ. ಹತ್ತು ನಿಮಿಷ ಎಲ್ಲರೂ ಸುಮ್ನಿರ್ರಿ” ಅಂದಳು. ಮರುದಿನ ಅಣ್ಣ ಮನೆಯವರ ಜೊತೆ ಈದ್‌ಗಾಹ್‌ಗೆ ಹೋದ. ಮಕ್ಕಳೆಲ್ಲ ಅವನ ಹತ್ರ ಈದಿ ವಸೂಲಿ ಮಾಡಿದರು.

ನಾನಿ ಮದರಸಾದಲ್ಲಿ ಓದಿದವಳಲ್ಲ. ಆದರೆ ಅವಳು ಹೇಳಿದ್ದು ಹೊಸದೂ ಅಲ್ಲ. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಕುರೈಬ್ ಎಂಬುವರ ಪ್ರಸಂಗ ಇದೆ. ಅವರು ಸಿರಿಯಾದಲ್ಲಿದ್ದಾಗ ಅಲ್ಲಿ ಶುಕ್ರವಾರ ರಾತ್ರಿ ರಂಜಾನ್ ಚಂದ್ರ ಕಂಡಿತ್ತು. ಮದೀನಾಕ್ಕೆ ವಾಪಸ್ ಬಂದು ಅದನ್ನ ಹೇಳಿದಾಗ ಪ್ರವಾದಿಯವರ ಬಂಧು ಇಬ್ನ್ ಅಬ್ಬಾಸ್, ನಾವು ಕಂಡದ್ದು ಶನಿವಾರ, ನಮ್ಮ ಲೆಕ್ಕದ ಪ್ರಕಾರವೇ ಮುಗಿಸ್ತೀವಿ ಅಂದರು. ಅಲ್ಲಿಯವರದ್ದು ತಪ್ಪು, ಅವರ ರೋಜಾ ಕೆಟ್ಟುಹೋಯ್ತು ಅಂತ ಅವರು ಹೇಳಲಿಲ್ಲ. ಎರಡು ಊರು, ಒಂದು ದಿನದ ವ್ಯತ್ಯಾಸ, ಅಷ್ಟೇ. ತಮಾಷೆ ಏನಂದ್ರೆ, ಒಂದೂರಿನಲ್ಲಿ ಕಂಡರೆ ದೂರದ ಊರಿಗೂ ಸಾಕು ಅನ್ನೋದು ಹಳೆಯ ಹನಫಿ ಗ್ರಂಥಗಳ ಮುಖ್ಯ ಅಭಿಪ್ರಾಯ, ಪ್ರತಿ ಪ್ರದೇಶಕ್ಕೂ ಅದರದೇ ದಿಗಂತ ಅನ್ನೋದು ಶಾಫಿಯವರದು. 2024ರಲ್ಲಿ ಕೇರಳದ ಸುದ್ದಿಗೆ ಕಾಯದೆ ನಿಂತವರು ಹನಫಿಗಳು! ಪುಸ್ತಕದಲ್ಲಿರೋದು ಒಂದು, ಊರಿನಲ್ಲಿ ನಡೆಯೋದು ಒಂದು. ಇದು ಗೊತ್ತಾದ ಮೇಲೆ ‘ನಮ್ಮದೇ ಪಕ್ಕಾ’ ಅನ್ನೋ ಧ್ವನಿ ಸ್ವಲ್ಪ ತಗ್ಗಬೇಕು.

ಮೂರನೇದು, ಜಗಳ ಕೆಡೋದು ಅಭಿಪ್ರಾಯದಿಂದ ಅಲ್ಲ, ಹಣೆಪಟ್ಟಿಯಿಂದ. “ಇದು ನನಗೆ ಸರಿ ಅನ್ನಿಸಲ್ಲ” ಅನ್ನೋದು ಅಭಿಪ್ರಾಯ. “ನೀನು ವಹಾಬಿ”, “ನೀನು ಬಿದಅತಿ”, “ಅವರ ಹಿಂದೆ ನಿಂತರೆ ನಮಾಜ್ ಆಗಲ್ಲ” ಅನ್ನೋದು ತೀರ್ಪು. ಒಂದು ಸಲ ಪಟ್ಟಿ ಅಂಟಿಸಿದ ಮೇಲೆ ಸಲಾಮ್ ನಿಲ್ಲುತ್ತೆ, ಮದುವೆ ಮಾತು ಮುರಿಯುತ್ತೆ, ಜನಾಜಾಕ್ಕೆ ಬರೋರು ಕಡಿಮೆ ಆಗ್ತಾರೆ. ನಮ್ಮ ನಾಲ್ವರ ಮನೆಗಳಲ್ಲಿ ಮೂರರಲ್ಲಿ ಇಂಥದ್ದೊಂದು ನಡೆದಿದೆ. ಒಬ್ಬರ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ಅಬ್ಬಾನ ನಲವತ್ತನೇ ದಿನದ ಫಾತಿಹಾದ ವಿಷಯಕ್ಕೆ ಬೇರೆಯಾದವರು ಈಗ ಎದುರು ಬದುರು ಮನೆಯಲ್ಲಿ ಇದ್ದೂ ಮಾತಾಡಲ್ಲ. ಅಬ್ಬಾ ಇದ್ದಾಗ ಇಬ್ಬರನ್ನೂ ಒಂದೇ ಸೈಕಲ್ ಮೇಲೆ ಶಾಲೆಗೆ ಬಿಡ್ತಿದ್ದರಂತೆ.

ಇದು ಕೋರ್ಟಿಗೆ ಹೋದ ಇತಿಹಾಸವೂ ಇದೆ. ಬನಾರಸ್‌ನ ಮಸೀದಿಯೊಂದರಲ್ಲಿ ‘ಆಮೀನ್’ ಗಟ್ಟಿಯಾಗಿ ಹೇಳಿದ್ದಕ್ಕೆ ಕ್ರಿಮಿನಲ್ ಕೇಸ್ ಆಗಿ 1885ರಲ್ಲಿ ಅಲಹಾಬಾದ್ ಹೈಕೋರ್ಟ್ ಮುಂದೆ ಬಂತು! ಸರ್ ಸಯ್ಯದ್ ಅಹ್ಮದ್ ಖಾನರ ಮಗ ನ್ಯಾಯಮೂರ್ತಿ ಸಯ್ಯದ್ ಮಹಮೂದ್, ಫಿಕ್ಹ್ ಗ್ರಂಥಗಳನ್ನೆಲ್ಲ ಬಿಡಿಸಿ ನೋಡಿ, ಭಕ್ತಿಯಿಂದ ಗಟ್ಟಿಯಾಗಿ ಆಮೀನ್ ಹೇಳೋದು ಅಪರಾಧ ಆಗಲ್ಲ ಅಂತ ಬರೆದರು. 1889ರಲ್ಲಿ ಅದೇ ಕೋರ್ಟು ಇನ್ನೊಂದು ಕೇಸಿನಲ್ಲಿ, ಮಸೀದಿ ಯಾವ ಒಂದು ಪಂಗಡದ್ದೂ ಅಲ್ಲ, ಯಾವ ಮುಸ್ಲಿಮನಾದರೂ ತನ್ನ ಪದ್ಧತಿಯಂತೆ ಅಲ್ಲಿ ನಮಾಜ್ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಒಂದು ಪದದ ವಾಲ್ಯೂಮ್ ಎಷ್ಟಿರಬೇಕು ಅಂತ ಕೇಳೋಕೆ ನಾವು ಬ್ರಿಟಿಷರ ಕೋರ್ಟಿಗೆ ಹೋಗಿದ್ವಿ! ನಗು ಬರುತ್ತೆ, ನಾಚಿಕೆಯೂ ಆಗುತ್ತೆ.

ದೊಡ್ಡವರು ಇದನ್ನ ಸರಿ ಮಾಡೋಕೆ ಪ್ರಯತ್ನ ಮಾಡಿಲ್ಲ ಅಂತಲ್ಲ. 2005ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಹಲವು ದೇಶಗಳ ವಿದ್ವಾಂಸರು ಸೇರಿ, ಸುನ್ನಿ-ಶಿಯಾ ಸೇರಿದಂತೆ ಎಂಟು ಪದ್ಧತಿಗಳನ್ನ ಅನುಸರಿಸೋ ಯಾರನ್ನೂ ಇಸ್ಲಾಮಿನಿಂದ ಹೊರಗೆ ಅಂತ ಘೋಷಿಸಬಾರದು ಅಂತ ಒಪ್ಪಿಕೊಂಡರು. ಒಳ್ಳೆಯದು. ಆದರೆ ಅಮ್ಮಾನ್‌ನ ಒಪ್ಪಂದ ನಮ್ಮ ಹಾಸ್ಟೆಲ್ ರೂಮಿನವರೆಗೆ ಬರಬೇಕಾದರೆ ಅದನ್ನ ತರಬೇಕಾದವರು ನಾವೇ.

ಇದು ಮುಸ್ಲಿಮರ ರೋಗ ಮಾತ್ರ ಅಂತ ಓದುಗರು ಅಂದುಕೊಳ್ಳೋದು ಬೇಡ. ಮುಂಡಗೋಡದ ಟಿಬೆಟನ್ ಕ್ಯಾಂಪ್ ಎಲ್ಲರಿಗೂ ಗೊತ್ತು, 1966ರಿಂದ ಇದೆ. ಅಲ್ಲಿನ ಮಠಗಳ ಅಂಗಳದಲ್ಲಿ ಭಿಕ್ಷುಗಳು ಚರ್ಚೆ ಮಾಡೋದನ್ನ ನಮ್ಮ ಮುಂಡಗೋಡದವನು ಚಿಕ್ಕಂದಿನಿಂದ ನೋಡಿದ್ದಾನೆ. ಕೂತವನು ಉತ್ತರ ಕೊಡ್ತಾನೆ, ನಿಂತವನು ಕಾಲು ಬಡಿದು, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೀತಾನೆ. ನೋಡೋರಿಗೆ ಹೊಡೆದಾಟ ಅನ್ನಿಸುತ್ತೆ, ಅವರಿಗೆ ಅದು ಪಾಠ. ಇಷ್ಟು ಚೆನ್ನಾಗಿ ವಾದ ಮಾಡೋದನ್ನ ಕಲಿತವರೂ ದೊರ್ಜೆ ಶುಗ್ದೆನ್ ಎಂಬ ದೇವತೆಯ ಆರಾಧನೆ ಮಾಡಬೇಕೋ ಬೇಡವೋ ಅನ್ನೋ ವಿಷಯಕ್ಕೆ 2008ರಲ್ಲಿ ಬೇರೆಯಾದರು, ಬೇರೆ ಮಠವೇ ಆಯ್ತು. ವಾದ ಮಾಡೋಕೆ ಬಂದರೆ ಸಾಲದು, ವಾದದಲ್ಲಿ ಸೋತವನೂ ಗೆದ್ದವನೂ ಅದೇ ಪಂಕ್ತಿಯಲ್ಲಿ ಕೂತು ಊಟ ಮಾಡೋ ವ್ಯವಸ್ಥೆ ಇರಬೇಕು ಅಂತ ನಮಗೆ ಇದರಿಂದ ಅನ್ನಿಸಿತು.

ಅಂಥ ವ್ಯವಸ್ಥೆ ಎಲ್ಲಿದೆ? ಹಳಿಯಾಳ ಕಡೆಯ ಸಿದ್ದಿಗಳನ್ನ ನೋಡಿ. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಾಗ ಅದು ಮೂರೂ ಧರ್ಮದವರಿಗೆ ಒಟ್ಟಿಗೆ ಸಿಕ್ಕಿತು. ಡಮಾಮಿ ಬಾರಿಸುವಾಗ ಯಾರ ಧರ್ಮ ಯಾವುದು ಅಂತ ಯಾರೂ ಕೇಳಲ್ಲ. ಮೂರು ಧರ್ಮದವರು ಒಂದು ಜನ ಆಗಿ ಇರೋಕೆ ಸಾಧ್ಯ ಆದರೆ, ಒಂದೇ ಧರ್ಮದವರು 8 ಮತ್ತು 20ರ ನಡುವೆ ಯಾಕೆ ಎರಡಾಗಬೇಕು?

ಈಗ ಎರಡು ಆಕ್ಷೇಪಣೆ. ಈ ಬರಹದ ಬಗ್ಗೆ ಮನೆಯಲ್ಲಿ ಹೇಳಿದಾಗ ಬಂದ ಮಾತು: “ಈಗಲೇ ಕಾಲ ಸರಿಯಿಲ್ಲ. ಒಳಗಿನದ್ದನ್ನ ಹೊರಗೆ ಯಾಕೆ ಹೇಳ್ತೀರಿ? ನೋಡಿ ನಗೋರು ಇದ್ದಾರೆ.” ಈ ಭಯ ಸುಳ್ಳಲ್ಲ, ಇದನ್ನ ನಾವು ತಳ್ಳಿಹಾಕಲ್ಲ. ಆದರೆ ಒಳಗೆ ಮಾತಾಡೋಕೂ ಜಾಗ ಇಲ್ಲ, ಹೊರಗೆ ಮಾತಾಡೋಕೂ ಬಿಡಲ್ಲ ಅಂದ್ರೆ ನಮ್ಮ ವಯಸ್ಸಿನವರು ಹೋಗೋದು ಫೋನಿನ ಒಳಗೆ, ಅತಿ ಜೋರಾಗಿ ಕೂಗೋನ ಹತ್ರ. ದಾಂಡೇಲಿಯವನಿಗೆ ಆಗಿದ್ದು ಅದೇ. ಅವನೇ ಇದನ್ನ ಬರೀರಿ ಅಂದ. ಇನ್ನು ನಗೋ ಓದುಗರಿಗೆ ಒಂದು ವಿನಂತಿ: “ನಿಮ್ಮ ಜನ ಇದಕ್ಕೆ ಏನಂತಾರೆ?” ಅಂತ ಕ್ಯಾಂಟೀನಿನಲ್ಲಿ ಕೇಳ್ತೀರಲ್ಲ, ಆ ‘ನಿಮ್ಮ ಜನ’ ಅನ್ನೋದು ಒಂದೇ ಬಾಯಿಂದ ಮಾತಾಡಲ್ಲ. ನಾವು ನಾಲ್ವರೇ ನಾಲ್ಕು ಥರ ಹೇಳ್ತೀವಿ.

ಇನ್ನೊಂದು ಆಕ್ಷೇಪಣೆ: “ಎಲ್ಲ ಸರಿ ಅಂದ್ರೆ ಸತ್ಯಕ್ಕೆ ಬೆಲೆ ಏನು?” ಎಲ್ಲ ಸರಿ ಅಂತ ನಾವು ಹೇಳ್ತಿಲ್ಲ. ಡ್ರಾಯಿಂಗ್ ಕ್ಲಾಸಿನಲ್ಲಿ ನಮಗೆ ಟಾಲರೆನ್ಸ್ ಕಲಿಸಿದ್ದಾರೆ. ಶಾಫ್ಟು, ರಂಧ್ರ ಎರಡಕ್ಕೂ ಅಳತೆ ಒಂದು ಇರುತ್ತೆ, ಅದರ ಮೇಲೆ ಕೆಳಗೆ ಎಷ್ಟು ಆಚೀಚೆ ಆಗಬಹುದು ಅಂತ ಒಂದು ಮಿತಿ ಇರುತ್ತೆ. ಮಿತಿ ಸೊನ್ನೆ ಅಂದ್ರೆ ಯಾವ ಭಾಗವನ್ನೂ ತಯಾರಿಸೋಕೆ ಆಗಲ್ಲ. ಮಿತಿಯೇ ಬೇಡ ಅಂದ್ರೆ ಮಷೀನು ಗಡಗಡ ಅನ್ನುತ್ತೆ. ಮಿತಿ ಎಲ್ಲಿ ಅನ್ನೋದು ನಮ್ಮ ಮಟ್ಟಿಗೆ ಸ್ಪಷ್ಟ: ಇನ್ನೊಬ್ಬರ ಮೇಲೆ ಕೈ ಮಾಡೋದು, ಬಹಿಷ್ಕಾರ ಹಾಕೋದು, ಬಾಯಿ ಮುಚ್ಚಿಸೋದು, ಇದಕ್ಕೆ ಸಹನೆ ಇಲ್ಲ.

ಬಹಿಷ್ಕಾರ ಅಂದಾಗ ಜೋಯಿಡಾದವಳು ಒಂದು ಮಾತು ಸೇರಿಸಲೇಬೇಕು ಅಂದಳು. ಎಂಟೋ ಇಪ್ಪತ್ತೋ ಅಂತ ಜಗಳ ಆಡೋಕೆ ಹುಡುಗರಿಗೆ ಮಸೀದಿಯಾದರೂ ಇದೆ. ನಮ್ಮ ಕಡೆ ಹೆಚ್ಚಿನ ಮಸೀದಿಗಳಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. 2000ನೇ ಇಸವಿಯಲ್ಲಿ ಹಾಸನದ ಬಾನು ಮುಷ್ತಾಕ್, ಹೆಣ್ಣುಮಕ್ಕಳೂ ಮಸೀದಿಗೆ ಹೋಗಬಹುದು ಅಂತ ಹೇಳಿದ್ದಕ್ಕೆ ಅವರ ಕುಟುಂಬ ತಿಂಗಳುಗಟ್ಟಲೆ ಸಾಮಾಜಿಕ ಬಹಿಷ್ಕಾರ ಅನುಭವಿಸಿತು. ಅದೇ ಬಾನು ಮುಷ್ತಾಕ್ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಾಗ ನಮ್ಮ ಮನೆಯ ವಾಟ್ಸ್ಯಾಪ್ ಗ್ರೂಪುಗಳಲ್ಲೆಲ್ಲ ‘ನಮ್ಮವರು, ನಮ್ಮವರು’ ಅಂತ ಸ್ಟೇಟಸ್ಸು. “ಗೆದ್ದ ಮೇಲೆ ನಮ್ಮವರು ಅನ್ನೋದು ಸುಲಭ. ಭಿನ್ನವಾಗಿ ಮಾತಾಡಿದ ದಿನವೇ ನಮ್ಮವರು ಅನ್ನೋಕೆ ಆಗುತ್ತಾ?” ಅಂತ ಅವಳ ಪ್ರಶ್ನೆ. ಹುಡುಗರು ಮೂವರಿಗೂ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕಂದ್ರೆ, ಹಾಸ್ಟೆಲ್ ಜಗಳದ ಬಗ್ಗೆ ನಾವು ಅಷ್ಟೆಲ್ಲ ಮಾತಾಡಿದರೂ ಅವಳು ನಮಾಜ್ ಎಲ್ಲಿ ಮಾಡ್ತಾಳೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಮತ್ತೆ ಆ ರೂಮಿಗೆ ಬರೋಣ. ಮಾತು ಬಿಟ್ಟಿದ್ದರು ಅಂದ್ವಲ್ಲ. ಆದರೆ ಹಳಿಯಾಳದವನಿಗೆ ಅಲಾರಂ ಕೇಳಿಸಲ್ಲ, ಅದು ಇಡೀ ಫ್ಲೋರಿಗೆ ಗೊತ್ತು. ಮಾತು ಬಿಟ್ಟ ಅಷ್ಟೂ ದಿನ ಬೆಳಗಿನ ಜಾವ ನಾಲ್ಕೂವರೆಗೆ ದಾಂಡೇಲಿಯವನು ಅವನ ಮಂಚಕ್ಕೆ ಒಂದು ಒದೆ ಕೊಡ್ತಿದ್ದ. ಅವನು ಏಳ್ತಿದ್ದ. ಇಬ್ಬರೂ ಬೆನ್ನು ಹಾಕಿ ಕೂತು ಸಹ್ರಿ ತಿಂತಿದ್ದರು. ಒಂದು ದಿನವೂ ಆ ಒದೆ ತಪ್ಪಲಿಲ್ಲ. ರೋಜಾ ತಪ್ಪಿಸಿಕೊಂಡರೆ ಅವನದ್ದೇ ಪಾಪ ಅಂತ ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ.

ಈದಿಗೆ ಊರಿಗೆ ಹೊರಡೋ ಹಿಂದಿನ ದಿನ ದಾಂಡೇಲಿಯವನು ಬ್ಯಾಗ್ ತುಂಬ್ತಾ ಇದ್ದವನು ತಲೆ ಎತ್ತದೆ ಹೇಳಿದ: “ನಿಮ್ಮ ದಾದಿ ವಿಷಯ ನಾನು ಹೇಳಬಾರದಿತ್ತು. ಅದು ನನ್ನ ಕೆಲಸ ಅಲ್ಲ, ಅಲ್ಲಾಹನ ಕೆಲಸ. ದರ್ಗಾದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಅದೇ ಐತಿ.” ಹಳಿಯಾಳದವನು ಅಂದ: “ಇರ್ಲಿ. ನಾನೂ ಹೋಗೋದು ಬಿಡಂಗಿಲ್ಲ.” ಇಬ್ಬರೂ ಒಂದೇ ಬಸ್ಸಿಗೆ ಹೋದರು.

ಇಮಾಮ್ ಶಾಫಿಯವರ ಬಗ್ಗೆ ಒಂದು ಕಥೆ ಹೇಳ್ತಾರೆ. ಬಾಗ್ದಾದಿನಲ್ಲಿ ಇಮಾಮ್ ಅಬೂ ಹನೀಫಾರ ಸಮಾಧಿಯ ಹತ್ತಿರ ಬೆಳಗಿನ ನಮಾಜ್ ಮಾಡುವಾಗ, ತಮ್ಮ ಪದ್ಧತಿಯಲ್ಲಿರುವ ಕುನೂತ್ ಪ್ರಾರ್ಥನೆಯನ್ನ ಅವರು ಓದಲಿಲ್ಲವಂತೆ, ಆ ಹಿರಿಯರ ಮೇಲಿನ ಗೌರವಕ್ಕೆ. ಅವರು ಅಭಿಪ್ರಾಯ ಬದಲಿಸಲಿಲ್ಲ. ಅವರ ಪದ್ಧತಿಯವರು ಇವತ್ತಿಗೂ ಕುನೂತ್ ಓದ್ತಾರೆ.

ನಮಗೆ ಗೊತ್ತಿರೋ ಸಹನೆ ಇಷ್ಟೇ. ಅಭಿಪ್ರಾಯ ನನ್ನದು, ಇಟ್ಕೊಳ್ತೀನಿ. ತೀರ್ಪು ನನ್ನದಲ್ಲ, ವಾಪಸ್ ತಗೊಳ್ತೀನಿ. ಸಲಾಮ್, ಮದುವೆ, ಜನಾಜಾ ಮೂರನ್ನೂ ಜಗಳದ ಹೊರಗೆ ಇಡ್ತೀನಿ. ಇನ್ನು ಬೆಳಿಗ್ಗೆ ನಾಲ್ಕೂವರೆಗೆ ಮಂಚಕ್ಕೆ ಒದೆಯೋದನ್ನ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಲ್ಲ.

ಈ ಸಲದ ರಂಜಾನ್‌ಗೆ ಒಂದು ಬದಲಾವಣೆ ಮಾಡಿದ್ದೀವಿ. ಮೊದಲ ಎಂಟು ರಕಾತ್ ದಾಂಡೇಲಿಯವನು ಮುಂದೆ ನಿಂತು ಓದಿಸ್ತಾನೆ, ಉಳಿದ ಹನ್ನೆರಡು ಹಳಿಯಾಳದವನು. ಜೋಯಿಡಾದವಳು ಲೇಡೀಸ್ ಹಾಸ್ಟೆಲ್‌ನಲ್ಲಿ ಒಂದು ಖಾಲಿ ರೂಮು ಕೇಳಿ ಅರ್ಜಿ ಬರೆದಿದ್ದಾಳೆ. ಅದರ ಕೆಳಗೆ ನಾವು ನಾಲ್ವರೂ ಸಹಿ ಹಾಕಿದ್ದೀವಿ.